ಮಾರ್ಥಕ್ಕ ಆರಿಸಿ ಕೊಡುತ್ತಿದ್ದ ಪಿಕ್ಕುಗಳು

ನನ್ನ ಅಕ್ಕ ಮಾರ್ಥಳಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಹೇಳಬೇಕಾದಾಗ ಹೇಳಲಿಲ್ಲ. ಆವತ್ತೇ ಹೇಳಿದ್ದರೆ ನಾಲ್ಕು ಬೈಗುಳಕ್ಕೆ ಮುಗಿಯುತ್ತಿತ್ತು. ಸಂಜೆ ಇಬ್ಬರೂ ಕೂಡಿ ರೊಟ್ಟಿ ತಿನ್ನುತ್ತಿದ್ದೆವು. ಹೇಳದೆ ಇದ್ದುದರಿಂದ ಅವಳು ತನ್ನ ಬೆರಳುಗಳು ಕೆಟ್ಟವೆಂದು ನಂಬಿದಳು, ಗಿಟಾರು ಕಲಿಸುವುದನ್ನು ಬಿಟ್ಟಳು, ಅಂಗಡಿ ಬಿಟ್ಟಳು. ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಶಹಾಪುರದಲ್ಲಿ ಈಗಲೂ ಜನ ಅವಳನ್ನು ನೆನೆಸಿದರೆ, "ಪಾಪ, ಶುಗರಿನಿಂದ ಕೈ ಹೋದ ಟೀಚರು" ಎನ್ನುತ್ತಾರೆ. ಅವಳ ಕೈ ಹೋಗಿರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ. ನಾನು ಲಾರಿ ಓಡಿಸುವವನು, ಆರನೇ ತರಗತಿಗೆ ಶಾಲೆ ಬಿಟ್ಟವನು. ಬರೆಯುವ ರೂಢಿ ಇಲ್ಲ. ಆದರೂ ಅವಳು ಹೇಗಿದ್ದಳು ಎಂಬುದನ್ನು ಬರೆಯುತ್ತೇನೆ.

ಯಾರೇ ಹೊಸಬರು ಅಂಗಡಿಗೆ ಬರಲಿ, ಮಾರ್ಥಕ್ಕ ಮೊದಲು "ಏನ್ ಬೇಕು" ಅನ್ನುತ್ತಿರಲಿಲ್ಲ. "ಕೈ ತೋರ್ಸು" ಅನ್ನುತ್ತಿದ್ದಳು. ಬಲಗೈ ಹಿಡಿದು ಹೆಬ್ಬೆರಳನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ ನೋಡುವಳು. ಅಂಗೈ ಬೆವರುತ್ತದೋ ಎಂದು ಒರೆಸಿ ನೋಡುವಳು. ಎಡಗೈ ಬೆರಳುಗಳ ತುದಿಯನ್ನು ಒಂದೊಂದಾಗಿ ಒತ್ತಿ, ಎಷ್ಟು ಗಟ್ಟಿಯಾಗಿವೆ ಎಂದು ತಿಳಿಯುವಳು. ಆಮೇಲೆ ಗಾಜಿನ ಪೆಟ್ಟಿಗೆಯೊಳಗಿಂದ ಒಂದೇ ಒಂದು ಪಿಕ್ ತೆಗೆದು ಅವರ ಬೆರಳುಗಳ ನಡುವೆ ಇಡುವಳು. ಪಿಕ್ ಅಂದರೆ ಗಿಟಾರಿನ ತಂತಿ ಮೀಟಲು ಹಿಡಿಯುವ ಪ್ಲಾಸ್ಟಿಕ್ಕಿನ ಚೂರು. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಮೂರು ಮೂಲೆಯದು. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ.

ಒಮ್ಮೆ ಕೆಂಭಾವಿ ಕಡೆಯ ಒಬ್ಬ ಅಜ್ಜಿ, ಇವಳು ಒಬ್ಬ ಹುಡುಗನ ಕೈ ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡು, ಚೀಲ ಕೆಳಗಿಟ್ಟು ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಕೈ ಚಾಚಿ, "ನನ್ನ ಮೊಮ್ಮಗಳ ಲಗ್ನ ಯಾವಾಗ ಆಗ್ತದ ನೋಡವ್ವಾ" ಅಂದಳು.

ಪಕ್ಕದಲ್ಲಿ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದ ರಸೂಲ್ ಚಾಚಾ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆ ಹೇಳಿದರು: "ಹೇಳಿಬಿಡ್ರಿ ಮಾರ್ಥಮ್ಮ, ಈ ಸುಗ್ಗಿ ಒಳಗ ಆಗ್ತದ ಅಂತ. ಖುಷೀಲೆ ಹೋಗ್ತಾಳ, ಪಾಪ."

ಅಕ್ಕ ನಗಲಿಲ್ಲ. ಅಜ್ಜಿಯ ಕೈ ಹಿಡಿದು ಎಲ್ಲರಿಗೂ ಮಾಡುವಂತೆಯೇ ಹೆಬ್ಬೆರಳು ಬಾಗಿಸಿದಳು. "ಲಗ್ನದ್ದು ನನಗ ತಿಳಿಯಂಗಿಲ್ಲ ಆಯಿ. ಆದ್ರ ನಿನ್ನ ಹೆಬ್ಬೆಟ್ಟು ಭಾಳ ಗಟ್ಟಿ ಅದ. ದಪ್ಪಂದು ಪಿಕ್ ನಡೀತದ ನಿನಗ" ಅಂದಳು. ಅಜ್ಜಿ ತನ್ನ ಹೆಬ್ಬೆರಳನ್ನು ತಾನೇ ಹೊಸದಾಗಿ ಕಂಡವಳಂತೆ ನೋಡಿಕೊಂಡು, "ಕುರಿ ಹಾಲು ಹಿಂಡಿದ ಕೈ ಇದು" ಎಂದು ಹೆಮ್ಮೆಯಿಂದ ಹೋದಳು.

ಅಂಗಡಿ ಅಂದರೆ ಇಡೀ ಅಂಗಡಿಯಲ್ಲ. ಶಹಾಪುರದ ಬಸ್ ಸ್ಟ್ಯಾಂಡ್ ಹತ್ತಿರ ರಸೂಲ್ ಚಾಚಾ ಅವರ ಗಡಿಯಾರ ರಿಪೇರಿಯ ಅಂಗಡಿ ಇತ್ತು. ಮೊಬೈಲ್ ಬಂದ ಮೇಲೆ ಅವರ ಟೇಬಲ್ಲಿನ ಅರ್ಧ ಖಾಲಿಯಾಯಿತು. ಆ ಅರ್ಧದಲ್ಲಿ ಅಕ್ಕ ಕೂತಳು. ಪಿಕ್ಕು, ತಂತಿ, ಹೆಗಲಿಗೆ ಹಾಕುವ ಬೆಲ್ಟು, ಗಿಟಾರಿನ ಕುತ್ತಿಗೆಗೆ ಹಾಕುವ ಕ್ಯಾಪೊ ಎಂಬ ಕ್ಲಿಪ್ಪು, ಸ್ವರ ಕೂಡಿಸುವ ಟ್ಯೂನರು, ಒರೆಸುವ ಬಟ್ಟೆ, ಇಷ್ಟೇ ಅವಳ ಮಾಲು. ಈ ಭಾಗದಲ್ಲಿ ಗಿಟಾರು ಯಾರಿಗೆ ಬೇಕು ಅನ್ನಬಹುದು. ನಮ್ಮ ಚರ್ಚಿನ ಹುಡುಗರಿಗೆ ಬೇಕು, ಮದುವೆಯ ಆರ್ಕೆಸ್ಟ್ರಾದವರಿಗೆ ಬೇಕು, ಯಾದಗಿರಿಯ ಕಾಲೇಜು ಹುಡುಗರಿಗೆ ಬೇಕು. ರಾಮಸಮುದ್ರದಿಂದ ಒಬ್ಬ ಮೇಷ್ಟ್ರು ತಂತಿಗಾಗಿ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದರು.

ಅಕ್ಕ ಗಿರಾಕಿಗಳನ್ನು ಮೂರು ನಮೂನೆ ಮಾಡಿದ್ದಳು. ಹೊಸಬರಿಗೆ ತೆಳ್ಳನೆಯ ಪಿಕ್. ಅದು ತಂತಿಗೆ ತಾಗಿದರೆ ತಾನೇ ಬಾಗುತ್ತದೆ, ಕೈ ಒರಟಾದರೂ ತಂತಿಗೆ ಪೆಟ್ಟಾಗುವುದಿಲ್ಲ. ಕೈ ಪಳಗಿ ಹಾಡಿನ ಜೊತೆ ಬಾರಿಸುವವರಿಗೆ ನಡುವಿನದು. ಒಂದೊಂದೇ ತಂತಿ ಹಿಡಿದು ರಾಗ ತೆಗೆಯುವವರಿಗೆ ದಪ್ಪನೆಯದು. ಅದು ಬಾಗುವುದಿಲ್ಲ, ಬೆರಳು ಹೇಳಿದಲ್ಲಿಗೆ ಹೋಗುತ್ತದೆ, ಬೆರಳಿಗೆ ಹೇಳಲು ಬಾರದಿದ್ದರೆ ತಂತಿಯನ್ನೇ ಕಡಿಯುತ್ತದೆ. ಹೊಸಬರಿಗೆ ಟ್ಯೂನರು ಮಾರುತ್ತಿರಲಿಲ್ಲ. "ಮೊದಲ ಕಿವಿ ತಯಾರಾಗ್ಲಿ" ಅನ್ನುತ್ತಿದ್ದಳು. ಗಿರಾಕಿಯನ್ನು ಹೀಗೆ ಖಾಲಿ ಕೈಯಲ್ಲಿ ಕಳಿಸಿದರೆ ರಸೂಲ್ ಚಾಚಾ ತಲೆ ಹಿಡಿದುಕೊಳ್ಳುತ್ತಿದ್ದರು. "ಅರೆ ಮಾರ್ಥಮ್ಮ, ನೀವು ದುಕಾನ್ ಇಟ್ಟೀರೋ, ಮದರಸಾ ಇಟ್ಟೀರೋ?"

ಸುರಪುರದ ಒಬ್ಬ ಹುಡುಗನ ನೆನಪಿದೆ. ಕರೀ ಕನ್ನಡಕ, ಹೆಗಲಲ್ಲಿ ಫಳಫಳ ಹೊಳೆಯುವ ಗಿಟಾರು.

"ಮೇಡಂ, ಎಲ್ಲಾದಕ್ಕಿಂತ ದಪ್ಪಂದು ಪಿಕ್ ಕೊಡ್ರಿ. ಕ್ಯಾಪೊ ಕೊಡ್ರಿ. ಟ್ಯೂನರನೂ ಕೊಡ್ರಿ."

"ಎಷ್ಟ ದಿನ ಆತಪ್ಪಾ ಕಲಿಯಾಕತ್ತಿ?"

"ನಿನ್ನಿ ತಂದೀನ್ರಿ."

"ನಾಳಿ ಪ್ರೋಗ್ರಾಮ್ ಅದ ಏನು ಬೇಟಾ?" ಎಂದರು ರಸೂಲ್ ಚಾಚಾ.

ಅಕ್ಕ ಅವನ ಕೈ ನೋಡಿದಳು. ತೆಳ್ಳನೆಯ ಪಿಕ್ ಒಂದು, ಒರೆಸುವ ಬಟ್ಟೆ ಒಂದು ಮುಂದಿಟ್ಟಳು. "ಗಿಟಾರಿನ ಕುತ್ತಿಗಿ ಮೊದಲ ನಿನ್ನ ಬೆರಳು ಹಿಡೀಲಿ. ಆಮ್ಯಾಲ ಕ್ಲಿಪ್ ಹಾಕೋಣಂತ. ಇದನ್ನ ಕೆಳಗ ಬೀಳಸದ ಒಂದು ಹಾಡು ಬಾರಿಸಿ ತೋರ್ಸು, ನಿನಗ ಬೇಕಾದ್ದು ಕೊಡ್ತೀನಿ."

ಹುಡುಗ ಮುಖ ಊದಿಸಿಕೊಂಡು ಹೋದ. ಇನ್ನು ಬರುವುದಿಲ್ಲ ಅಂದುಕೊಂಡೆವು. ಒಂದು ದಿನ ಕನ್ನಡಕವಿಲ್ಲದೆ ಬಂದು, ಅದೇ ಪಿಕ್ಕನ್ನು ಕಿಸೆಯಿಂದ ತೆಗೆದು ಅಕ್ಕನ ಮುಂದಿಟ್ಟ. ಮೂಲೆ ಸವೆದು ಗುಂಡಗಾಗಿತ್ತು. ಸವೆದ ಪಿಕ್ ನೋಡಿದರೆ ಅವಳಿಗೆ ಎಲ್ಲಾ ತಿಳಿಯುತ್ತಿತ್ತು. ಒಂದೇ ಮಗ್ಗುಲು ಸವೆದಿದ್ದರೆ ಕೈ ವಾಲುತ್ತದೆ, ಎರಡೂ ಮಗ್ಗುಲು ಸವೆದಿದ್ದರೆ ಕೈ ಕುಳಿತಿದೆ. ಅವನದನ್ನು ಬೆಳಕಿಗೆ ಹಿಡಿದು ನೋಡಿ, ನಡುವಿನದೊಂದು ತೆಗೆದು ಕೊಟ್ಟಳು. ಹುಡುಗನ ಮುಖ ನೋಡಬೇಕಿತ್ತು, ಪರೀಕ್ಷೆ ಪಾಸಾದವನ ಹಾಗಿತ್ತು.

ನಮ್ಮಪ್ಪ ಚರ್ಚಿನ ಕಸ ಹೊಡೆದು ಗಂಟೆ ಬಾರಿಸುತ್ತಿದ್ದರು. ಚರ್ಚಿನ ಹಿಂದಿನ ಕೋಣೆಯಲ್ಲಿ ಯಾರೋ ಬಿಟ್ಟುಹೋದ ಒಂದು ಗಿಟಾರು ಇತ್ತು. ಆಗಿನ ಪಾಸ್ಟರಮ್ಮ ಅಕ್ಕನಿಗೆ ಅದನ್ನು ಹಿಡಿಯಲು ಕಲಿಸಿದರು. ಪಿಕ್ ಎಲ್ಲಿಂದ ಬರಬೇಕು? ಹಲ್ಲುಪುಡಿ ಡಬ್ಬಿಯ ಮುಚ್ಚಳ, ಒಡೆದ ಸಾಬೂನಿನ ಪೆಟ್ಟಿಗೆ, ಏನು ಸಿಕ್ಕರೂ ನಾನು ಕತ್ತರಿಯಿಂದ ಕತ್ತರಿಸಿ, ಚರ್ಚಿನ ಕಟ್ಟೆಯ ಕಲ್ಲಿಗೆ ತಿಕ್ಕಿ ಕೊಡುತ್ತಿದ್ದೆ. ಅವಳು ಅದರ ತುದಿಯನ್ನು ಕೆಳತುಟಿಗೆ ಒತ್ತಿ ಬಾಗುವುದನ್ನು ನೋಡುವಳು. "ಬಿರುಸಾತು ದಾಸ್ಯಾ, ಇನ್ನೊಂದು ಮಾಡು." ನನ್ನ ಹೆಸರು ದೇವದಾಸ. ಅವಳೊಬ್ಬಳೇ ನನ್ನನ್ನು ದಾಸ್ಯಾ ಅನ್ನುತ್ತಿದ್ದುದು. ನಾನು ಇನ್ನೊಂದು ಮಾಡುತ್ತಿದ್ದೆ. ಶಾಲೆಯಲ್ಲಿ ನನಗೆ ಯಾವುದೂ ಬರಲಿಲ್ಲ, ಆದರೆ ಆ ಕೆಲಸ ಬರುತ್ತಿತ್ತು.

ಅವಳು ಮದುವೆಯಾಗಲಿಲ್ಲ. ಕೇಳಿದವರಿಗೆ, "ಆರು ತಂತಿ ಸಂಬಾಳಿಸೋದೇ ಸಾಕಾಗ್ಯದ" ಅನ್ನುತ್ತಿದ್ದಳು. ನನ್ನ ಮನೆಯಲ್ಲೇ, ನನ್ನ ಹೆಂಡತಿ ಸುನಂದಾಳ ಜೊತೆ ಹೊಂದಿಕೊಂಡು ಇದ್ದಳು. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಬೇವಿನ ಗಿಡದ ಕೆಳಗೆ ಮಕ್ಕಳಿಗೆ ಕಲಿಸುವಳು. ಮಕ್ಕಳ ಕೈಯಿಂದ ಪಿಕ್ ಜಾರಿ ಗಿಟಾರಿನ ಹೊಟ್ಟೆಯೊಳಗೆ ಬೀಳುವುದು ಪ್ರತಿ ವಾರವೂ ಇದ್ದದ್ದೇ. ಆಗ ಅಕ್ಕ ಗಿಟಾರನ್ನು ಬೋರಲು ಮಾಡಿ ತಲೆಯ ಮೇಲೆತ್ತಿ ಜೋರಾಗಿ ಅಲ್ಲಾಡಿಸುವಳು. ಮಕ್ಕಳು ಸುತ್ತ ಕೈಯೊಡ್ಡಿ ನಿಂತು ಕೂಗುವರು. ಪಿಕ್ಕಿನ ಜೊತೆ ಬೇವಿನ ಎಲೆ, ಪೆಪ್ಪರಮೆಂಟಿನ ಕಾಗದ, ಒಮ್ಮೆ ಒಂದು ಹಲ್ಲಿಯ ಮೊಟ್ಟೆಯೂ ಉದುರಿತ್ತು.

ನಾನು ಲಾರಿಯಲ್ಲಿ ಇಲ್ಲಿಯ ಮಿಲ್ಲುಗಳಿಂದ ಅಕ್ಕಿ, ಹತ್ತಿ ಹೇರಿಕೊಂಡು ಹೈದರಾಬಾದಿಗೆ ಹೋಗುತ್ತಿದ್ದೆ. ಅವಳ ಮಾಲು ತರುವವನು ನಾನೇ. ಹಳೇ ಪೇಟೆಯ ಒಂದು ಸಂದಿಯಲ್ಲಿ ವಾದ್ಯದ ಸಾಮಾನು ಮಾರುವ ಒಬ್ಬ ಮುದುಕರಿದ್ದರು. ಅಗ್ಗದ ಪಿಕ್ಕುಗಳ ಮೇಲೆ ದಪ್ಪ ತೆಳುವಿನ ಗುರುತು ಇರುವುದಿಲ್ಲ, ಇದ್ದರೂ ನಂಬುವಂತಿಲ್ಲ. ಆ ಮುದುಕರು ಒಂದೊಂದನ್ನೂ ಬಾಗಿಸಿ ನೋಡಿ, ಬೇರೆ ಮಾಡಿ, ರಬ್ಬರ್ ಹಾಕಿ, ಉರ್ದು ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಲಾರಿ ಆ ಸಂದಿಗೆ ಹೋಗುವುದಿಲ್ಲ. ಮಾಲು ಇಳಿಸುವ ಜಾಗದಲ್ಲಿ ಲಾರಿ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಬಿಸಿಲಲ್ಲಿ ಹೋಗಿ ಬರುವಷ್ಟರಲ್ಲಿ ಜೀವ ಹೋಗುತ್ತಿತ್ತು. ಅಕ್ಕನಿಗೆ ಅದು ಗೊತ್ತಿತ್ತು. ಪೊಟ್ಟಣ ಕೊಟ್ಟಾಗಲೆಲ್ಲ, "ನಿನ್ನ ಕಾಲು ನೋಯ್ತಾವ ಏನೋ" ಎಂದು ಕೇಳುತ್ತಿದ್ದಳು.

ಒಂದು ವರ್ಷ ಚರ್ಚಿನ ಸುಗ್ಗಿ ಆರಾಧನೆಗೆ ಸಣ್ಣ ಮಕ್ಕಳಿಂದ ಗಿಟಾರು ಬಾರಿಸಿಸಬೇಕೆಂದು ಅಕ್ಕ ತಯಾರಿ ನಡೆಸಿದ್ದಳು. "ತೆಳ್ಳಗಿಂದು ತಗೊಂಡು ಬಾ. ಬರೇ ತೆಳ್ಳಗಿಂದು. ಎಲ್ಲಾ ಹಸಿ ಕೈ ಅದಾವ" ಎಂದು ಹೇಳಿ ಕಳಿಸಿದ್ದಳು. ಹತ್ತಿಯ ಸೀಜನ್ನು. ಹೇರುವುದು, ಓಡುವುದು, ಇಳಿಸುವುದು, ಮತ್ತೆ ಹೇರುವುದು. ನನಗೆ ಮಲಗಿದ್ದೇ ನೆನಪಿರಲಿಲ್ಲ. ಕಣ್ಣು ತೆರೆದಿದ್ದರೂ ಮುಂದಿನ ರಸ್ತೆ ಎರಡಾಗಿ ಕಾಣುತ್ತಿತ್ತು. ಆ ಸಂದಿಗೆ ಹೋಗುವ ತ್ರಾಣ ಇರಲಿಲ್ಲ. ಮಾಲು ಇಳಿಸುವ ಜಾಗದ ಎದುರಿಗೇ ಮೊಬೈಲ್ ಕವರು, ಆಟದ ಸಾಮಾನು ಮಾರುವ ಅಂಗಡಿ ಇತ್ತು. ಅಲ್ಲಿ ಗೊಂಬೆಗಳ ನಡುವೆ ಪಿಕ್ಕಿನ ಪೊಟ್ಟಣ ನೇತುಹಾಕಿದ್ದರು. ತೆಳ್ಳಗಿನದು ಇದೆಯಾ ಎಂದೆ. ಎಲ್ಲಾ ಒಂದೇ ಎಂದ ಅಂಗಡಿಯವನು. ತೆಗೆದುಕೊಂಡೆ.

ಅಷ್ಟೇ ಮಾಡಿದ್ದರೆ ಅದು ದಣಿದವನ ತಪ್ಪು. ಆದರೆ ನಾನು ಲಾರಿಯಲ್ಲಿ ಕೂತು ಆ ಪೊಟ್ಟಣ ಹರಿದೆ. ಚಹಾ ಅಂಗಡಿಯಿಂದ ಒಂದು ಉರ್ದು ಪೇಪರಿನ ಹಾಳೆ ತಂದೆ. ಪಿಕ್ಕುಗಳಿಗೆ ರಬ್ಬರ್ ಹಾಕಿ, ಮುದುಕರು ಸುತ್ತುವ ಹಾಗೆಯೇ ಸುತ್ತಿದೆ. ಎರಡು ಬಸ್ಸು ಬದಲಾಯಿಸುವಷ್ಟು ಶಕ್ತಿ ಇರಲಿಲ್ಲ, ಇದಕ್ಕೆ ಮಾತ್ರ ಇತ್ತು.

ಮನೆಗೆ ಬಂದಾಗ ಅಕ್ಕ ಅಂಗಳದಲ್ಲಿ ಕೂತಿದ್ದಳು. ಪೊಟ್ಟಣ ಬಿಚ್ಚಿ, ಒಂದನ್ನು ತೆಗೆದು ಬಾಗಿಸಿದಳು. ಇನ್ನೊಂದನ್ನು ಬಾಗಿಸಿದಳು. ತುಟಿಗೆ ಒತ್ತಿದಳು.

"ದಾಸ್ಯಾ, ಇವು ಬಿರುಸು ಅದಾವಲ್ಲೋ."

"ಅದೇ ಅಂಗಡೀದು ಅಕ್ಕಾ. ಆ ಮುದುಕ ತಾನೇ ಆರಿಸಿ ಕೊಟ್ಟಾನ."

"ಖರೇನ?"

"ಮತ್ತ? ಬೇಕಾರ ಪೇಪರ್ ನೋಡು."

ಅವಳು ಪೇಪರ್ ನೋಡಿದಳು. ಒಳಗೆ ಹೋಗಿ ಹಳೆಯ ತೆಳ್ಳನೆಯ ಪಿಕ್ ಒಂದನ್ನು ತಂದು, ಅದನ್ನೊಮ್ಮೆ ಇದನ್ನೊಮ್ಮೆ ಬಾಗಿಸುತ್ತ ಬಹಳ ಹೊತ್ತು ಕೂತಳು. ಅದರ ಹಿಂದಿನ ವಾರ ಡಾಕ್ಟರು ಅವಳಿಗೆ, ಶುಗರ್ ಹೀಗೇ ಏರಿದರೆ ಬೆರಳ ತುದಿಗೆ ಸ್ಪರ್ಶ ತಿಳಿಯದಂತಾಗಬಹುದು ಎಂದು ಹೇಳಿದ್ದರು. ಅದು ನನಗೂ ಗೊತ್ತಿತ್ತು. ಕೊನೆಗೆ ಎರಡನ್ನೂ ನನ್ನ ಕೈಗೆ ಕೊಟ್ಟಳು.

"ನೀ ಹೇಳು. ಸಣ್ಣಾಂವ ಇದ್ದಾಗಿಂದ ಪಿಕ್ ಮಾಡಿದ ಕೈ ನಿಂದು. ಎರಡೂ ಒಂದೇ ಅದಾವೇನು?"

ನಾನು ಬಾಗಿಸಿದೆ. ಹಳೆಯದು ಒಣ ಎಲೆಯ ಹಾಗೆ ಬಾಗಿತು. ಹೊಸದು ಬಾಗಲೇ ಇಲ್ಲ. ಯಾವ ಕೂಸಿನ ಕೈಗೆ ಕೊಟ್ಟರೂ ಹೇಳುತ್ತಿತ್ತು.

"ಎರಡೂ ಒಂದೇ" ಅಂದೆ. ನನಗೆ ಮಲಗಬೇಕಾಗಿತ್ತು.

ಅಕ್ಕ ತನ್ನ ಬಲಗೈಯ ಬೆರಳುಗಳನ್ನು ಎಡಗೈಯಿಂದ ಹಿಡಿದುಕೊಂಡಳು. "ಯಾರ ಮುಂದೂ ಹೇಳಬ್ಯಾಡ" ಅಂದಳು. ಮೊದಲಿಗೆ ನನಗೆ ಅವಳು ಏನು ಹೇಳುತ್ತಿದ್ದಾಳೆ ತಿಳಿಯಲಿಲ್ಲ. ತಿಳಿದಾಗ ಬಾಯಿ ಬಿಡಬೇಕಿತ್ತು. ಬಿಟ್ಟಿದ್ದರೆ ಸುಳ್ಳು ಹೇಳಿದ್ದು, ಪೊಟ್ಟಣ ಸುತ್ತಿದ್ದು ಎಲ್ಲ ಹೊರಗೆ ಬರುತ್ತಿತ್ತು. ಎದ್ದು ಹೇಳೋಣ ಎಂದುಕೊಂಡು ಮಲಗಿದೆ. ಎದ್ದಾಗ ಲಾರಿ ಮಾಲೀಕರ ಫೋನು ಬಂತು. ಹೋದೆ.

ಸುಗ್ಗಿ ಆರಾಧನೆಯ ದಿನ ಜನ ತಮ್ಮ ಹೊಲದ ಜೋಳದ ತೆನೆ, ಹತ್ತಿ, ಕುಂಬಳಕಾಯಿ, ಬುಟ್ಟಿಯಲ್ಲಿ ಕೋಳಿ ತಂದು ಚರ್ಚಿನ ಮುಂದೆ ಇಟ್ಟಿದ್ದರು. ಪ್ರಾರ್ಥನೆಯ ನಡುವೆ ಹುಂಜವೊಂದು ಕೂಗಿ ಎಲ್ಲರನ್ನೂ ನಗಿಸಿತು. ಮಕ್ಕಳು ಹೊಸ ಬಟ್ಟೆಯಲ್ಲಿ ಸಾಲಾಗಿ ಕೂತಿದ್ದರು. ಎಲ್ಲರ ಕೈಯಲ್ಲೂ ನಾನು ತಂದ ಪಿಕ್ಕು. ಅಭ್ಯಾಸ ಮಾಡುವಾಗಲೇ ಮಕ್ಕಳು ಕೈ ನೋಯುತ್ತದೆ ಎಂದಿದ್ದರಂತೆ. ತನ್ನ ಬೆರಳನ್ನು ನಂಬದ ಅಕ್ಕ, ಹೊಸ ಕೈಗಳು ಹಾಗೆಯೇ ನೋಯುತ್ತವೆ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಹಾಡು ಶುರುವಾಯಿತು. ತಗಡಿನ ಮೇಲೆ ಕಲ್ಲು ಬಿದ್ದ ಹಾಗೆ ಸದ್ದು. ಒಬ್ಬನ ಪಿಕ್ ಹಾರಿ ಕುಂಬಳಕಾಯಿಗಳ ನಡುವೆ ಬಿತ್ತು. ಎಸ್ತೇರಿ ಎಂಬ ಹುಡುಗಿಯ ಗಿಟಾರಿನ ಒಂದು ತಂತಿ ಟಣ್ಣೆಂದು ಕಡಿದು ಅವಳ ಗಲ್ಲಕ್ಕೆ ಬಡಿಯಿತು. ಹುಡುಗಿ ಅತ್ತಳು. ಒಬ್ಬಳು ಅತ್ತದ್ದಕ್ಕೆ ಉಳಿದವರೂ ನಿಂತರು. ಹಾಡುವವರು ಹಾಡುತ್ತಲೇ ಇದ್ದರು, ಗಿಟಾರಿನ ಸದ್ದು ಒಂದೂ ಇರಲಿಲ್ಲ. ಆಗ ಮಾರ್ಥಕ್ಕ ಎದ್ದು ಹೋಗಿ, ಎಸ್ತೇರಿಯನ್ನು ಮಗ್ಗುಲಿಗೆ ಕೂರಿಸಿಕೊಂಡು, ಆ ಐದೇ ತಂತಿಯ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಬರೀ ಹೆಬ್ಬೆರಳಿನಿಂದ ಆ ಹಾಡನ್ನು ಕೊನೆಯವರೆಗೆ ಬಾರಿಸಿದಳು. ಎಷ್ಟು ಮೆತ್ತಗೆ ಬಾರಿಸಿದಳೆಂದರೆ ಹಿಂದಿನ ಸಾಲಿನವರು ಹಾಡುವುದನ್ನು ನಿಲ್ಲಿಸಿ ಕೇಳಿದರು. ಅವಳು ಜನರ ಮುಂದೆ ಬಾರಿಸಿದ್ದು ಅದೇ ಕಡೆಯ ಸಲ.

ಮರುದಿನ ಗಾಜಿನ ಪೆಟ್ಟಿಗೆ ಖಾಲಿ ಮಾಡಿದಳು. ನಾನು ಸಾಮಾನು ಹೊರಲು ಹೋದಾಗ ರಸೂಲ್ ಚಾಚಾ ನನ್ನನ್ನು ಪಕ್ಕಕ್ಕೆ ಕರೆದರು.

"ಏನಾಗ್ಯದೋ ನಿಮ್ಮಕ್ಕಗ? ಕೇಳಿದ್ರ ಮಕ್ಕಳ ಕೈ ಹಾಳು ಮಾಡಿದೆ ಅಂತಾಳ. ಒಂದು ತಂತಿ ಕಡದ್ರ ದುನಿಯಾ ಮುಳಗ್ತದೇನು?"

ಅವರ ಮುಂದಾದರೂ ಹೇಳಬಹುದಾಗಿತ್ತು. ಅವರು ನಕ್ಕು, ನನ್ನ ಕಿವಿ ಹಿಂಡಿ, ಅಕ್ಕನ ಬಳಿ ಎಳೆದೊಯ್ಯುತ್ತಿದ್ದರು. ನಾನು, "ಶುಗರ್ ಚಾಚಾ. ಬೆರಳಿಗೆ ತಿಳಿವಲ್ಲದು" ಅಂದೆ. ಯಾರ ಮುಂದೂ ಹೇಳಬೇಡ ಎಂದು ಅವಳು ಕೇಳಿಕೊಂಡಿದ್ದನ್ನೇ, ಸುಳ್ಳೆಂದು ಗೊತ್ತಿದ್ದೂ, ನಾನೇ ಊರಿಗೆ ಹಂಚಿದೆ.

ಆಮೇಲೆ ಅಕ್ಕ ಮನೆಯಲ್ಲೇ ಇರತೊಡಗಿದಳು. ತನ್ನ ಗಿಟಾರಿನ ತಂತಿಗಳನ್ನೆಲ್ಲ ಸಡಿಲ ಮಾಡಿ ಗೋಡೆಗೆ ತೂಗುಹಾಕಿದಳು. ಎಸ್ತೇರಿ ಬಾಗಿಲಿಗೆ ಬಂದು ಕೆಲವು ದಿನ ಕರೆದಳು. "ಮೊಬೈಲ್‌ನ್ಯಾಗ ಚೆಂದ ಕಲಿಸ್ತಾರಂತ ಬೇಟಿ, ಅದರಾಗ ನೋಡು" ಎಂದು ಅಕ್ಕ ಅವಳನ್ನು ಕಳಿಸಿದಳು. ಬೆಳಿಗ್ಗೆ ಸುನಂದಾಳ ಜೊತೆ ಮೊರ ಹಿಡಿದು ಅಕ್ಕಿ ಹಸನು ಮಾಡುವಳು. ನಾನು ಟ್ರಿಪ್ ಮುಗಿಸಿ ಬಂದು ಎದುರಿಗೆ ಚಹಾ ಕುಡಿಯುತ್ತ ಕೂತಿರುತ್ತಿದ್ದೆ. ಅವಳು ಮೊರದ ಕಡೆ ನೋಡುತ್ತಲೂ ಇರಲಿಲ್ಲ. ಬೀದಿ ನೋಡುತ್ತ, ಬೆರಳಾಡಿಸುತ್ತ, ಅಕ್ಕಿಯ ಬಣ್ಣದ್ದೇ, ಸಾಸಿವೆಯಷ್ಟು ಸಣ್ಣ ಕಲ್ಲನ್ನು ಹಿಡಿದು ಹೊರಗೆಸೆಯುವಳು. ಕಣ್ಣಿಟ್ಟು ನೋಡುತ್ತಿದ್ದ ಸುನಂದಾಳಿಗೆ ಸಿಗದ ಕಲ್ಲುಗಳು ಅವು.

"ಅಬ್ಬಾ, ನಿಮ್ಮ ಬೆರಳಿಗೆ ಕಣ್ಣ ಅದಾವ ನೋಡ್ರಿ ಅಕ್ಕಾ" ಎಂದಳು ಸುನಂದಾ ಒಂದು ದಿನ.

"ಕಲ್ಲು ಬ್ಯಾರೆ, ಪಿಕ್ ಬ್ಯಾರೆ" ಎಂದಳು ಅಕ್ಕ.

ನಾನು ಚಹಾದ ಲೋಟ ಕೆಳಗಿಟ್ಟೆ. ಇವತ್ತು ಹೇಳುತ್ತೇನೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದೂ ಒಂದು ಚಟವಾಗಿತ್ತು. ಹೊರಡುವಾಗ, ಬಂದು ಹೇಳುತ್ತೇನೆ ಅಂದುಕೊಳ್ಳುವೆ. ಬಂದಾಗ ದಣಿವು. ದಣಿವನ್ನು ನಾನು ಎಷ್ಟು ನೆಪ ಮಾಡಿದೆನೆಂದರೆ, ಕೊನೆಗೆ ದಣಿದಿಲ್ಲದಾಗಲೂ ದಣಿದವನ ಹಾಗೆಯೇ ನಡೆಯುತ್ತಿದ್ದೆ. ಒಮ್ಮೆ ಹೈದರಾಬಾದಿನಲ್ಲಿ ಆ ಸಂದಿಗೆ ಹೋದೆ. ಮುದುಕರಿಂದ ತೆಳ್ಳನೆಯ ಪಿಕ್ಕುಗಳನ್ನು ತಂದು ಲಾರಿಯ ಡ್ಯಾಶ್ ಬೋರ್ಡಿನಲ್ಲಿ ಇಟ್ಟೆ. ಅದನ್ನು ಅವಳ ಕೈಗೆ ಕೊಟ್ಟರೆ ಒಂದೇ ಗಳಿಗೆಯಲ್ಲಿ ಎಲ್ಲಾ ತಿಳಿಯುತ್ತಿತ್ತು. ಕೊಡಲಿಲ್ಲ. ಬೇಸಿಗೆಯ ಬಿಸಿಲಿಗೆ ಅವು ಸೊಟ್ಟಗಾದವು.

ಅಕ್ಕನ ಕಿಡ್ನಿಗೆ ತೊಂದರೆಯಾಯಿತು. ಯಾದಗಿರಿಯ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯೂ ಅವಳು ಸೂಜಿ ಚುಚ್ಚಲು ಬಂದ ನರ್ಸಮ್ಮನ ಕೈ ನೋಡುತ್ತಿದ್ದಳು. ಒಂದು ಮಧ್ಯಾಹ್ನ ನಾನು ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ನರ್ಸಮ್ಮ ಬಾಟಲಿ ಬದಲಾಯಿಸುತ್ತ ಹೇಳಿದರು:

"ನೀವು ಗಿಟಾರ್ ಕಲಿಸ್ತಿದ್ರಂತಲ್ರೀ? ನನ್ನ ಮಗಳು ಒಂದು ತಗೊಂಡಾಳ್ರಿ. ಪಿಕ್ ಯಾವುದು ಕೊಡಸ್ಲಿ? ಅಂಗಡ್ಯಾಗ ಹತ್ತು ನಮೂನಿ ತೋರಸ್ತಾರ."

ಅಕ್ಕನ ಮುಖ ಅರಳಿತು. "ಹೊಸಬಳು ಹೌದಲ್ಲ? ತೆಳ್ಳಗಿಂದು..." ಎಂದು ಶುರು ಮಾಡಿದವಳು, ಅಷ್ಟಕ್ಕೇ ನಿಲ್ಲಿಸಿದಳು. ನನ್ನ ಕಡೆ ಕೈ ಮಾಡಿದಳು. "ನನ್ನ ಕೇಳಬ್ಯಾಡವ್ವಾ. ನನ್ನ ಬೆರಳು ನನಗ ಮೋಸ ಮಾಡ್ಯಾವ. ಇಂವಾ ನನ್ನ ತಮ್ಮ. ಇವನ ಕೈಗೆ ಛಲೋ ತಿಳೀತದ. ಇಂವಾ ಆರಿಸಿ ಕೊಡ್ತಾನ, ಇವನ್ನ ನಂಬು."

ನರ್ಸಮ್ಮ ನನ್ನ ಕಡೆ ನೋಡಿ ನಕ್ಕು, "ಹಂಗಾರ ನಿಮ್ಮನ್ನೇ ಹಿಡೀತೀನ್ರಿ ಅಣ್ಣಾರ" ಎಂದು ಮುಂದಿನ ಹಾಸಿಗೆಗೆ ಹೋದರು. ಅಕ್ಕ ಕಣ್ಣು ಮುಚ್ಚಿದಳು. ಸ್ಟೂಲು ಎಳೆದುಕೊಂಡು ಅವಳ ತಲೆಯ ಹತ್ತಿರ ಹೋದೆ.

"ಅಕ್ಕಾ, ಅವು ದಪ್ಪೇ ಇದ್ವು."

"ಯಾವು?"

"ಸುಗ್ಗಿ ಆರಾಧನಿಗೆ ತಂದಿದ್ನಲ್ಲಾ, ಆ ಪಿಕ್. ನೀ ಬಿರುಸು ಅದಾವ ಅಂದಿ. ಬಿರುಸೇ ಇದ್ವು. ಆ ಮುದುಕನ ಹಂತ್ಯಾಕ ನಾ ಹೋಗೇ ಇದ್ದಿಲ್ಲ. ಎದುರಿಗಿನ ಗೊಂಬಿ ಅಂಗಡ್ಯಾಗ ತಗೊಂಡು, ನಾನೇ ಪೇಪರ್ ಸುತ್ತಿದ್ದೆ."

ಅವಳು ಕಣ್ಣು ತೆರೆದು ಮೇಲೆ ತಿರುಗುವ ಫ್ಯಾನನ್ನು ನೋಡಿದಳು. ಸೂಜಿ ಇಲ್ಲದ ಬಲಗೈಯನ್ನು ಮೆಲ್ಲಗೆ ಎತ್ತಿ, ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕಿದಳು.

"ದಪ್ಪೇ ಇದ್ವೇನು?"

"ದಪ್ಪೇ ಇದ್ವು."

"ನನಗ ತಿಳಿದಿತ್ತಲ್ಲ ಹಂಗಾರ."

"ನಿನಗ ತಿಳಿದಿತ್ತು ಅಕ್ಕಾ. ನಿನ್ನ ಬೆರಳಿಗೆ ಏನೂ ಆಗಿದ್ದಿಲ್ಲ."

ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಅಂದುಕೊಂಡೆ. ಅವಳು ನನ್ನ ಕಡೆ ತಿರುಗಿ, ಸಣ್ಣ ಮಕ್ಕಳು ಕೇಳುವ ಹಾಗೆ ಕೇಳಿದಳು:

"ಮತ್ತ ನಾ ಮಕ್ಕಳಿಗೆ ಕಲಿಸೋದು ಯಾಕ ಬಿಟ್ಟೆ, ದಾಸ್ಯಾ?"

ನಾನು ಅವಳ ಕೈ ಹಿಡಿದುಕೊಂಡೆ. ಪಕ್ಕದ ಹಾಸಿಗೆಯವರಿಗೂ ಕೇಳಿಸಿತು, ಕೇಳಿಸಲಿ ಎಂದೇ ಹೇಳಿದೆ.

"ನನ್ನ ಸಲುವಾಗಿ ಬಿಟ್ಟಿ. ನಾ ಸುಳ್ಳ ಹೇಳಿದ್ದಕ್ಕ ಬಿಟ್ಟಿ. ತಪ್ಪಾತಕ್ಕಾ. ನನ್ನಿಂದ ಭಾಳ ದೊಡ್ಡ ತಪ್ಪಾತು. ಮಾಫ್ ಮಾಡು."